ಗುಜರಿ ಹಡಗಿನಲ್ಲಿ ಉಳಿದ ಎಣ್ಣೆಗೆ ಸುಂಕ ಹೇಗೆ? ಅಲಂಗ್‌ನ ಹಳೇ ವಿವಾದ ಏನು?

ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್ ಕಡಲತೀರದಲ್ಲಿ 1983ರಿಂದ ಹಳೇ ಹಡಗುಗಳನ್ನು ಒಡೆಯಲಾಗುತ್ತಿದೆ. ಇಲ್ಲಿಗೆ ಬರುವ ಹಡಗುಗಳಲ್ಲಿ ಹೆಚ್ಚಿನವು ಸಮುದ್ರದ ಉಬ್ಬರದ ಹೊತ್ತು ನೋಡಿಕೊಂಡು, ತಮ್ಮದೇ ಎಂಜಿನ್ ಬಲದಿಂದ ದಡ ಏರುತ್ತವೆ. ಹಾಗಾಗಿ ಕೊನೆಯ ಪ್ರಯಾಣ ಮುಗಿದ ಮೇಲೂ ಟ್ಯಾಂಕುಗಳಲ್ಲಿ ಫರ್ನೇಸ್ ಆಯಿಲ್, ಡೀಸೆಲ್, ಲೂಬ್ರಿಕೆಂಟ್ ಉಳಿದಿರುತ್ತವೆ. ಈ ಎಣ್ಣೆ ಹಡಗಿನ ಭಾಗವೋ, ಬೇರೆಯದೇ ಆದ ಆಮದು ಸರಕೋ? ಕಸ್ಟಮ್ಸ್ ಇಲಾಖೆ ಮತ್ತು ಹಡಗು ಒಡೆಯುವ ಉದ್ಯಮಿಗಳ ನಡುವಿನ ದೀರ್ಘ ವ್ಯಾಜ್ಯದ ಮೂಲ ಇದೇ.

ಎರಡು ಶೀರ್ಷಿಕೆ, ಎರಡು ದರ

ಕಸ್ಟಮ್ಸ್ ಸುಂಕ ಪಟ್ಟಿಯಲ್ಲಿ ಒಡೆಯಲೆಂದು ತರುವ ಹಡಗುಗಳಿಗೆ 8908 ಎಂಬ ಶೀರ್ಷಿಕೆ ಇದೆ. ಪೆಟ್ರೋಲಿಯಂ ಎಣ್ಣೆಗಳು 2710ರಡಿ ಬರುತ್ತವೆ. ಎರಡಕ್ಕೂ ತೆರಿಗೆ ಲೆಕ್ಕ ಬೇರೆ ಬೇರೆ. ಹೈಸ್ಪೀಡ್ ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯಲ್ಲೇ ಇಲ್ಲದ ಕಾರಣ ಅದರ ಲೆಕ್ಕ ಮತ್ತೂ ಬೇರೆ. ಎಣ್ಣೆಯನ್ನು ಯಾವ ಶೀರ್ಷಿಕೆಗೆ ಸೇರಿಸಲಾಗುತ್ತದೆ ಎಂಬುದರ ಮೇಲೆ ಆಮದುದಾರ ಕಟ್ಟಬೇಕಾದ ಹಣ ನಿಲ್ಲುತ್ತದೆ.

1996ರ ಜುಲೈನಲ್ಲಿ ಹೊರಬಿದ್ದ ಕಸ್ಟಮ್ಸ್ ಮಂಡಳಿಯ 37/96ನೇ ಸುತ್ತೋಲೆ ಒಂದು ಗೆರೆ ಎಳೆಯಿತು. ಯಂತ್ರ ಮತ್ತು ಎಂಜಿನ್‌ಗಳ ಒಳಗಿನ ಎಣ್ಣೆ ಹಡಗಿನ ಭಾಗ; ಹೆಚ್ಚುವರಿ ಇಂಧನ ಪ್ರತ್ಯೇಕ ಸರಕು. ಆದರೆ ಎಂಜಿನ್‌ಗೆ ಪೈಪ್ ಮೂಲಕ ಜೋಡಿಸಿದ ಬಂಕರ್ ಟ್ಯಾಂಕಿನ ಎಣ್ಣೆ ಎಲ್ಲಿಗೆ ಸೇರಬೇಕು ಎಂಬಲ್ಲಿ ಜಗಳ ಉಳಿಯಿತು. ಎಂಜಿನ್ ರೂಮಿನ ಬಂಕರ್ ಟ್ಯಾಂಕಿನಲ್ಲಿರುವ ಎಣ್ಣೆಗೆ ಹಡಗಿನೊಂದಿಗೇ 8908ರಡಿ ಸುಂಕ ನಿಗದಿ ಮಾಡಬೇಕು ಎಂದು ಅಹಮದಾಬಾದ್‌ನ ಮೇಲ್ಮನವಿ ನ್ಯಾಯಮಂಡಳಿ ಹೇಳಿದೆ. ಆ ರೂಮಿನ ಹೊರಗಿನ ಟ್ಯಾಂಕುಗಳ ಕುರಿತೂ ಉದ್ಯಮಿಗಳು ಇದೇ ವಾದ ಮಂಡಿಸುತ್ತಾ ಬಂದಿದ್ದಾರೆ.

ಬೆಲೆ ಲೆಕ್ಕ ಹೇಗೆ?

ಗುಜರಿ ಹಡಗು ಮಾರಾಟವಾಗುವುದು ಎಲ್‌ಡಿಟಿ ಲೆಕ್ಕದಲ್ಲಿ. ಅಂದರೆ ಸರಕು, ಇಂಧನ, ನೀರು ಯಾವುದೂ ಇಲ್ಲದ ಖಾಲಿ ಹಡಗಿನ ತೂಕ. ಒಂದು ಕಾಲ್ಪನಿಕ ಉದಾಹರಣೆ: 10,000 ಎಲ್‌ಡಿಟಿ ಹಡಗಿಗೆ ಟನ್ನಿಗೆ 400 ಡಾಲರ್‌ನಂತೆ 40 ಲಕ್ಷ ಡಾಲರ್. ಅದರಲ್ಲಿ 200 ಟನ್ ಎಣ್ಣೆ ಉಳಿದಿದ್ದು, ಟನ್ನಿಗೆ 500 ಡಾಲರ್ ಎಂದರೆ 1 ಲಕ್ಷ ಡಾಲರ್.

ಎಲ್‌ಡಿಟಿಯಲ್ಲಿ ಎಣ್ಣೆಯ ತೂಕವೇ ಇಲ್ಲ, ಹಾಗಾಗಿ ಅದರ ಬೆಲೆಯೂ ಆ 40 ಲಕ್ಷದಲ್ಲಿ ಸೇರಿಲ್ಲ ಎಂದು ಅಧಿಕಾರಿಗಳು ವಾದಿಸಬಹುದು. ಹಡಗನ್ನು ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇವೆ, ಕೊಟ್ಟ ಬೆಲೆಯಲ್ಲಿ ಎಣ್ಣೆಯೂ ಸೇರಿದೆ ಎಂಬುದು ಖರೀದಿದಾರರ ಉತ್ತರ. ಅವರ ಮಾತು ಸರಿಯಾದರೆ, 1 ಲಕ್ಷವನ್ನು ಮೇಲೆ ಸೇರಿಸಿದಾಗ ಒಂದೇ ಎಣ್ಣೆಗೆ ಎರಡು ಬಾರಿ ಸುಂಕ ಬೀಳುತ್ತದೆ.

1962ರ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವಾಸ್ತವವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆಯೇ ಮೌಲ್ಯಕ್ಕೆ ಆಧಾರ. ಎಣ್ಣೆಗೆ ಪ್ರತ್ಯೇಕ ಇನ್‌ವಾಯ್ಸ್ ಇಲ್ಲದಿದ್ದರೆ 2007ರ ಮೌಲ್ಯ ನಿರ್ಧಾರ ನಿಯಮಗಳತ್ತ ತಿರುಗಬೇಕಾಗುತ್ತದೆ. ಅದೇ ಬಗೆಯ ಸರಕಿನ ಆಮದು ಬೆಲೆಯಿಂದ ಹೋಲಿಕೆ ಶುರುವಾಗುತ್ತದೆ. ಆದರೆ ವರ್ಷಗಟ್ಟಲೆ ಟ್ಯಾಂಕಿನಲ್ಲಿದ್ದು ನೀರು, ಕೆಸರು ಬೆರೆತ ಎಣ್ಣೆಯನ್ನು ಹೊಸ ಎಣ್ಣೆಗೆ ಹೋಲಿಸುವುದು ಸುಲಭವಲ್ಲ.

ಯಾರಿಗೆ ಹೊರೆ?

ವಿವಾದ ಇತ್ಯರ್ಥವಾಗುವ ತನಕ 18ನೇ ಸೆಕ್ಷನ್‌ನಡಿ ತಾತ್ಕಾಲಿಕ ಸುಂಕ ನಿಗದಿಗೆ ಅವಕಾಶವಿದೆ. ಇದಕ್ಕೆ ಬಾಂಡ್ ಮತ್ತು ಭದ್ರತೆ ಒದಗಿಸಬೇಕು. ಅಂತಿಮ ಆದೇಶ ಬರುವಷ್ಟರಲ್ಲಿ ಹಡಗು ಕಬ್ಬಿಣದ ತಗಡಾಗಿ ಮಾರಾಟವಾಗಿರುತ್ತದೆ. ಆಮೇಲೆ ಬರುವ ಹೆಚ್ಚುವರಿ ಬೇಡಿಕೆಯನ್ನು ಗಿರಾಕಿಯಿಂದ ವಸೂಲಿ ಮಾಡುವ ದಾರಿ ಯಾರ್ಡ್ ಮಾಲೀಕನಿಗೆ ಇರುವುದಿಲ್ಲ.

ಒಡೆಯುವ ಹಡಗುಗಳ ಮೇಲಿನ ಮೂಲ ಸುಂಕವನ್ನು 2014ರ ಬಜೆಟ್‌ನಲ್ಲಿ ಶೇ 5ರಿಂದ 2.5ಕ್ಕೆ ಇಳಿಸಲಾಗಿತ್ತು. ಹಡಗು ಒಡೆಯುವ ಉದ್ಯಮಕ್ಕೂ 10 ವರ್ಷಗಳ ಸುಂಕ ವಿನಾಯಿತಿಯನ್ನು 2025ರ ಬಜೆಟ್ ಪ್ರಕಟಿಸಿತು. ಹಡಗಿನ ಸುಂಕ ಇಳಿದಷ್ಟೂ, ಎಣ್ಣೆ ಯಾವ ಶೀರ್ಷಿಕೆಗೆ ಸೇರುತ್ತದೆ ಎಂಬ ಪ್ರಶ್ನೆಯ ತೂಕ ಹೆಚ್ಚುತ್ತದೆ. ಖರೀದಿ ಒಪ್ಪಂದದಲ್ಲೇ ಎಣ್ಣೆಯ ಪ್ರಮಾಣ, ಅದಿರುವ ಟ್ಯಾಂಕ್ ಮತ್ತು ಬೆಲೆಯನ್ನು ಸ್ಪಷ್ಟವಾಗಿ ಬರೆದುಕೊಂಡರೆ ಜಗಳದ ಒಂದು ಭಾಗವಾದರೂ ಹಡಗು ದಡ ಸೇರುವ ಮೊದಲೇ ಕಡಿಮೆಯಾಗುತ್ತದೆ.