ಸೌರಫಲಕದ ಮನೆಗೆ ಯಾವ ದರ? ಹೆಸ್ಕಾಂ ಗ್ರಾಹಕರ ಲೆಕ್ಕ

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರಿನಲ್ಲಿ ಮನೆಯ ಮೇಲೆ ಸೋಲಾರ್ ಹಾಕಿಸಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಖರ್ಚೆಷ್ಟು, ಸಬ್ಸಿಡಿ ಎಷ್ಟು ಎಂದು. ಯೂನಿಟ್ಟಿನ ದರದ ಮಾತು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆದರೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸು ಬರುತ್ತದೆ ಎಂಬುದು ನಿಂತಿರುವುದು ಅದರ ಮೇಲೆಯೇ.

ಆರಿಸಿಕೊಳ್ಳಲು ಏನಿದೆ?

ಬ್ರಿಟನ್ನಿನಲ್ಲಿ ಮನೆಯವರು ವಿದ್ಯುತ್ ಕಂಪನಿಯನ್ನೇ ಬದಲಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಹೊತ್ತಿಗೊಂದು ದರವಿರುವ ಹಲವು ಯೋಜನೆಗಳಿವೆ. ಧಾರವಾಡ ಜಿಲ್ಲೆಯಲ್ಲಿ ಕರೆಂಟ್ ಕೊಡುವುದು ಹುಬ್ಬಳ್ಳಿಯ ಹೆಸ್ಕಾಂ ಒಂದೇ. ದರ ಗೊತ್ತುಮಾಡುವುದು ಬೆಂಗಳೂರಿನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಮನೆ ಬಳಕೆಗೆ ದರವೂ ಒಂದೇ. ಹಾಗೆಂದು ಗ್ರಾಹಕನ ಕೈ ಪೂರ್ತಿ ಕಟ್ಟಿಲ್ಲ. ಎಷ್ಟು ಕಿಲೋವ್ಯಾಟ್ ಹಾಕಿಸಬೇಕು, ಸಬ್ಸಿಡಿ ತೆಗೆದುಕೊಳ್ಳಬೇಕೇ, ಮೀಟರ್ ಯಾವ ಬಗೆಯದು, ಮಂಜೂರಾದ ಲೋಡ್ ಎಷ್ಟಿರಬೇಕು, ಇವೆಲ್ಲ ಅವನ ತೀರ್ಮಾನಗಳೇ.

ಮೊದಲು ಗೃಹಜ್ಯೋತಿ

2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, 200 ಯೂನಿಟ್ ಮೀರದಂತೆ, ಉಚಿತ ಮಿತಿ ನಿಗದಿಯಾಗಿದೆ. ಮಿತಿ ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ, ಮಿಕ್ಸರ್ ಇರುವ ಮನೆಗೆ ಸೊನ್ನೆ ಬಿಲ್ಲು ಬರುತ್ತಿದ್ದರೆ ಸೌರಫಲಕ ಉಳಿಸಿಕೊಡುವುದಕ್ಕೆ ಅಲ್ಲಿ ಏನೂ ಇಲ್ಲ. ಮಾರಲು ಬಂದವರು ಇದನ್ನು ಹೇಳುವುದು ಅಪರೂಪ. ಹೊಲದ ಪಂಪ್‌ಸೆಟ್ಟಿನ ಲೆಕ್ಕವನ್ನು ಇದಕ್ಕೆ ಬೆರೆಸಬಾರದು. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಹೇಗೂ ಉಚಿತ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿಗಳ ಸಂಪರ್ಕ ಬೇರೆ ವರ್ಗದ್ದು, ಅವಕ್ಕೆ ಗೃಹಜ್ಯೋತಿ ಇಲ್ಲ.

ಹಾಗಾಗಿ ಮನೆಯ ಸೋಲಾರ್ ಲೆಕ್ಕ ಕೂಡುವುದು ಫ್ರಿಜ್ಜು, ಗೀಜರು, ಏಸಿ ಎಲ್ಲ ಸೇರಿ ತಿಂಗಳಿಗೆ 200 ಯೂನಿಟ್ ಮೀರುವ ಮನೆಗೆ.

ಹಳೆಯ ಸ್ಲ್ಯಾಬ್ ಹೋಯಿತು

2023–24ರಲ್ಲಿ 100 ಯೂನಿಟ್‌ವರೆಗೆ 4.75 ರೂಪಾಯಿ ಇತ್ತು. ನೂರು ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. ಆಗ ಚಿಕ್ಕದೊಂದು ಫಲಕ ಬಳಕೆಯನ್ನು ನೂರರ ಕೆಳಗಿಳಿಸಿದರೂ ಬಿಲ್ಲು ದಡಕ್ಕನೆ ಕುಸಿಯುತ್ತಿತ್ತು. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್ಟಿಗೂ 5.90 ರೂಪಾಯಿ, 2025–26ಕ್ಕೆ 5.80. ಮೊದಲ ಯೂನಿಟ್ ಉಳಿಸಿದರೂ ಅಷ್ಟೇ, ಮುನ್ನೂರನೆಯದು ಉಳಿಸಿದರೂ ಅಷ್ಟೇ. ಏಳು ರೂಪಾಯಿ ಹಿಡಿದು ಲಾಭ ತೋರಿಸುವ ಹಳೆಯ ಹಾಳೆ ಕೈಗೆ ಬಂದರೆ ಅದನ್ನು ಪಕ್ಕಕ್ಕಿಡುವುದು ಮೇಲು.

ಕೊಳ್ಳುವ ದರ, ಮಾರುವ ದರ

ನೆಟ್ ಮೀಟರಿಂಗ್‌ನಲ್ಲಿ ಹಗಲು ಲೈನಿಗೆ ಹೋದ ಯೂನಿಟ್ಟನ್ನು ರಾತ್ರಿ ಬಳಸಿದ ಯೂನಿಟ್ಟಿಗೆ ವಜಾ ಹಾಕುತ್ತಾರೆ. ಹಾಗೆ ಸರಿಹೋದ ಪ್ರತಿ ಯೂನಿಟ್ಟಿನ ಬೆಲೆ 2025–26ರ ದರದಲ್ಲಿ 5.80. ತಿಂಗಳ ಕೊನೆಗೆ ಮಿಕ್ಕಿದ್ದಕ್ಕೆ ಮಾತ್ರ ಆಯೋಗದ ಬೇರೆ ದರ: 2025ರ ಜುಲೈನ ಆದೇಶದಂತೆ ಸಬ್ಸಿಡಿ ಪಡೆದ 2 ಕಿಲೋವ್ಯಾಟ್‌ವರೆಗಿನ ಮನೆಗೆ 2.30, 3 ಕಿಲೋವ್ಯಾಟ್‌ವರೆಗೆ 2.48, ಸಬ್ಸಿಡಿ ಪಡೆಯದಿದ್ದರೆ 3.86. ಒಪ್ಪಂದದ ಅವಧಿ 25 ವರ್ಷ.

ಈ ಅಂತರವೇ ಎಲ್ಲ ಲೆಕ್ಕದ ಮೂಲ. ತಿಂಗಳಿಗೆ 260 ಯೂನಿಟ್ ಬಳಸುವ ಮನೆಯೊಂದನ್ನು ಇಟ್ಟುಕೊಳ್ಳೋಣ. ನಮ್ಮ ಕಡೆ ಒಂದು ಕಿಲೋವ್ಯಾಟ್ ಫಲಕ ತಿಂಗಳಿಗೆ ಸರಾಸರಿ 115 ಯೂನಿಟ್ ಕೊಟ್ಟೀತು. ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. 2 ಕಿಲೋವ್ಯಾಟ್ ಹಾಕಿದರೆ 230 ಯೂನಿಟ್, ಅಷ್ಟೂ ಮನೆಯ ಬಳಕೆಗೇ ವಜಾ ಆಗುತ್ತದೆ. ಶೇ 9ರ ತೆರಿಗೆ ಸೇರಿಸಿದರೆ ಉಳಿತಾಯ ಸುಮಾರು 1,450 ರೂಪಾಯಿ. ಕೇಂದ್ರ ಸರ್ಕಾರದ ಮಾನದಂಡ ಬೆಲೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 50,000. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ತಲಾ 30,000. ಕೈಯಿಂದ ಹೋಗುವುದು 40,000, ಎರಡೂವರೆ ವರ್ಷದೊಳಗೆ ವಾಪಸು.

ಮೂರನೆಯ ಕಿಲೋವ್ಯಾಟಿನ ಕಥೆ ಬೇರೆ. ಅದಕ್ಕೆ 45,000 ಬೆಲೆ, 18,000 ಸಬ್ಸಿಡಿ, ಕೈಯಿಂದ 27,000. ಅದರ 115 ಯೂನಿಟ್ಟಿನಲ್ಲಿ ಮನೆಗೆ ಬೇಕಾದದ್ದು 30. ಉಳಿದ 85ಕ್ಕೆ 2.48ರ ದರ. ಒಟ್ಟು ತಿಂಗಳಿಗೆ 400 ರೂಪಾಯಿ, ವಾಪಸಿಗೆ ಐದೂವರೆ ವರ್ಷಕ್ಕೂ ಮೇಲೆ. ಮಾರುಕಟ್ಟೆಯ ಬೆಲೆ ಮಾನದಂಡಕ್ಕಿಂತ ಹೆಚ್ಚಿದ್ದರೆ ಎರಡೂ ಅವಧಿ ಉದ್ದವಾಗುತ್ತವೆ, ಆದರೆ ಅಂತರ ಹಾಗೇ ಇರುತ್ತದೆ. 78,000 ಪೂರ್ತಿ ಸಬ್ಸಿಡಿ ಸಿಗಲಿ ಎಂಬ ಆಸೆಗೆ 3 ಕಿಲೋವ್ಯಾಟ್ ಹಾಕಿಸುವುದು ಈ ಮನೆಗೆ ಜಾಣತನವಲ್ಲ.

3.86 ಸಿಗುತ್ತದೆಂದು ಸಬ್ಸಿಡಿ ಬಿಡುವುದೂ ಅಷ್ಟೇ. ಯೂನಿಟ್ಟಿಗೆ ಸಿಗುವ 1.56 ರೂಪಾಯಿಯ ಹೆಚ್ಚಳದಿಂದ, 2 ಕಿಲೋವ್ಯಾಟಿಗೆ ಬಿಟ್ಟುಕೊಟ್ಟ 60,000 ದುಡಿಯಲು 38,000ಕ್ಕೂ ಹೆಚ್ಚು ಯೂನಿಟ್ ಮಾರಬೇಕು. ತಿಂಗಳಿಗೆ 50 ಯೂನಿಟ್ ಮಿಕ್ಕುವ ಮನೆ 25 ವರ್ಷದಲ್ಲಿ ಮಾರುವುದೇ 15,000.

ತಯಾರಾದದ್ದನ್ನೆಲ್ಲ ಮಾರಿ, ಬೇಕಾದದ್ದನ್ನು ಕೊಳ್ಳುವ ಗ್ರಾಸ್ ಮೀಟರಿಂಗ್‌ಗೆ 2013ರ ಆದೇಶದ 9.56 ರೂಪಾಯಿ ದರದ ಕಾಲದಲ್ಲಿ ಅರ್ಥವಿತ್ತು. ಮನೆಗೆ ಈಗ ನೆಟ್ ಮೀಟರೇ ಸರಿ.

ಸ್ಥಿರ ಶುಲ್ಕ

ಸೌರಫಲಕ ಎಷ್ಟೇ ದುಡಿದರೂ ಸ್ಥಿರ ಶುಲ್ಕ ಹೋಗುವುದಿಲ್ಲ. 2025–26ರಲ್ಲಿ ಅದು ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ. 1 ಕಿಲೋವ್ಯಾಟ್ ಲೋಡಿನ ಮನೆ 3 ಕಿಲೋವ್ಯಾಟ್ ಫಲಕ ಹಾಕಿಸಿ, ಅದಕ್ಕೆ ತಕ್ಕಂತೆ ಲೋಡ್ ಏರಿದರೆ ಈ ಬಾಬ್ತು 145ರಿಂದ 435ಕ್ಕೆ ಹೋಗುತ್ತದೆ. ಅದರಲ್ಲಿ ಮೂರನೆಯ ಕಿಲೋವ್ಯಾಟಿನ ಪಾಲು 145; ಮೇಲೆ ಹೇಳಿದ 400 ರೂಪಾಯಿ ಗಳಿಕೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಕರಗಿತು.

ಹೊತ್ತಿನ ದರ ಬಂದರೆ

ಕೇಂದ್ರದ 2023ರ ನಿಯಮ ಹಗಲಿನ ಸೌರ ಗಂಟೆಗಳಲ್ಲಿ ದರ ಕನಿಷ್ಠ ಶೇ 20ರಷ್ಟು ಇಳಿಯಬೇಕು, ಬೇಡಿಕೆ ಏರುವ ಹೊತ್ತಿನಲ್ಲಿ ಹೆಚ್ಚಬೇಕು ಎನ್ನುತ್ತದೆ. ಅದು ಮನೆ ಬಿಲ್ಲಿಗೂ ಇಳಿದರೆ ಹಗಲು ಕೊಟ್ಟ ಯೂನಿಟ್ಟು ರಾತ್ರಿಯ ಯೂನಿಟ್ಟಿಗೆ ಸಮವಾಗದೆ ಹೋಗಬಹುದು. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಲ್ಲಿ ಹೊಸ ಗ್ರಾಹಕರ ಮಾರುವ ದರವನ್ನು ಬಹಳ ಇಳಿಸಿದ ಮೇಲೆ ಅಲ್ಲಿಯವರು ಬ್ಯಾಟರಿಯತ್ತ ತಿರುಗಿದರು. ಗೀಜರ್, ಇಸ್ತ್ರಿ, ನೀರೆತ್ತುವ ಮೋಟರನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳುವ ರೂಢಿ ಇಲ್ಲಿ ಹೊತ್ತಿನ ದರ ಬಂದಾಗ ಕೆಲಸಕ್ಕೆ ಬರುತ್ತದೆ.

ಮಾಳಿಗೆ, ಧೂಳು, ಕರೆಂಟ್ ಹೋದಾಗ

ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ಫಲಕ ತೆಂಕಣಕ್ಕೆ ಮುಖ ಮಾಡಿರಬೇಕು. ಮಣ್ಣಿನ ಮಾಳಿಗೆಗೆ ಬೋಲ್ಟ್ ಹೊಡೆದರೆ ಸೋರಿಕೆ ಖಚಿತ, ಆರ್‌ಸಿಸಿ ಇದ್ದರಷ್ಟೇ ನಿಶ್ಚಿಂತೆ. ಎರಿ ಹೊಲದ ಧೂಳು, ಸುಗ್ಗಿಯ ಹೊಟ್ಟು ಕೂತರೆ ಉತ್ಪಾದನೆ ಇಳಿಯುತ್ತದೆ, ಆಗಾಗ ತೊಳೆಯಬೇಕು.

ಬ್ಯಾಟರಿಯಿಲ್ಲದ ನೆಟ್ ಮೀಟರ್ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಕಾಯುವ ವ್ಯವಸ್ಥೆ ಅದು. ಮಟಮಟ ಮಧ್ಯಾಹ್ನದಲ್ಲೂ ಮನೆ ಕತ್ತಲು, ಆ ಹೊತ್ತಿನ ಯೂನಿಟ್ಟುಗಳೂ ನಷ್ಟ. ಹಗಲು ಹೊತ್ತು ಕರೆಂಟ್ ಪದೇ ಪದೇ ಕೈಕೊಡುವ ಫೀಡರಿನ ಮೇಲಿದ್ದರೆ ಮೇಲಿನ 115ರ ಸರಾಸರಿಯನ್ನು ಕಡಿಮೆ ಮಾಡಿಯೇ ಲೆಕ್ಕ ಹಾಕಬೇಕು. ಅರ್ಜಿಗೆ ಮುನ್ನ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಹಿಡಿದು ಹೆಸ್ಕಾಂ ಶಾಖಾ ಕಚೇರಿಗೆ ಹೋದರೆ ಬಳಕೆ, ಮಂಜೂರಾದ ಲೋಡ್, ಗೃಹಜ್ಯೋತಿ ಮಿತಿ ಮೂರನ್ನೂ ಒಂದೇ ಸಲಕ್ಕೆ ತಾಳೆ ನೋಡಿಕೊಂಡು ಬರಬಹುದು.