ಟೊಮೆಟೊ ಬೀಜ ಬೇಗ ಮೊಳಕೆ ಬರಬೇಕಾ? ನೀರಿಗಿಂತ ಬಿಸಿ ಮುಖ್ಯ

ಕೋಲಾರ: ಚಳಿ ಶುರುವಾದರೆ ಟೊಮೆಟೊ ನಾರು ಬೆಳೆಸುವವರದ್ದು ಒಂದೇ ಚಿಂತೆ. ಬೀಜ ಹಾಕಿ ವಾರವಾದ್ರೂ ಟ್ರೇನಲ್ಲಿ ಹಸಿರು ಕಾಣಲ್ಲ. ಹೈಬ್ರಿಡ್ ಬೀಜಕ್ಕೆ ಕೊಟ್ಟ ದುಡ್ಡು ಮಣ್ಣುಪಾಲಾಯ್ತೇನೋ ಅಂತ ದಿನಾ ನೀರು ಹಾಕ್ತಾರೆ. ಅಲ್ಲೇ ಬೀಜ ಕೊಳೆಯೋದು.

ಎಷ್ಟು ದಿನ ಬೇಕು?
25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಸುಮಾರು 6 ದಿನಕ್ಕೆ ಮೊಳಕೆ ಬರುತ್ತದೆ. 20 ಡಿಗ್ರಿಯಲ್ಲಿ 8 ದಿನ, 15 ಡಿಗ್ರಿಯಲ್ಲಿ 14 ದಿನ ಹಿಡಿಯುತ್ತದೆ. 10 ಡಿಗ್ರಿಗೆ ಇಳಿದರೆ ತಿಂಗಳು ದಾಟುತ್ತದೆ. 40 ಡಿಗ್ರಿಯಲ್ಲಿ ಮೊಳಕೆಯೇ ಬರಲ್ಲ.

ಏನು ಮಾಡಬೇಕು?
* ಕೊಕೊಪಿಟ್ ಹದವಾಗಿ ನೆನೆಸಿ. ಮುಷ್ಟಿಯಲ್ಲಿ ಹಿಂಡಿದರೆ ನೀರು ಸುರಿಯಬಾರದು.
* ಗುಳಿಗೊಂದು ಬೀಜ, ಅರ್ಧದಿಂದ ಒಂದು ಸೆಂ.ಮೀ. ಆಳ ಸಾಕು.
* ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ, ನೆರಳಲ್ಲಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿ. ಒಳಗಿನ ಬಿಸಿ, ತೇವ ಎರಡೂ ಉಳಿಯುತ್ತೆ. ಮತ್ತೆ ನೀರು ಬೇಡ.
* ಮೂರನೇ ದಿನದಿಂದ ಬೆಳಿಗ್ಗೆ ಸಂಜೆ ನೋಡಿ. ಮೊಳಕೆ ಕಂಡ ಕೂಡಲೇ ಟ್ರೇ ಬಿಡಿಸಿ ಶೇಡ್ ನೆಟ್ ಕೆಳಗಿಡಿ. ಒಂದು ದಿನ ತಡವಾದ್ರೂ ಸಸಿ ಬಿಳಿಚಿಕೊಂಡು ಉದ್ದಕ್ಕೆ ಎಳೆಯುತ್ತದೆ, ಬುಡ ಕೊಳೆಯುತ್ತದೆ.

ಬೀಜ ನೆನೆಸಬಹುದಾ?
ಬಣ್ಣ ಹಚ್ಚಿದ ಕಂಪನಿ ಬೀಜ ನೆನೆಸಬೇಡಿ, ಲೇಪಿಸಿದ ಔಷಧಿ ತೊಳೆದುಹೋಗುತ್ತದೆ. ಮನೆಯಲ್ಲೇ ಎತ್ತಿಟ್ಟ ನಾಟಿ ಬೀಜವಾದರೆ ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ನೆನೆಸಬಹುದು. ನಾಟಿ ಬೀಜ ತೆಗೆಯುವಾಗ ತಿರುಳಿನ ಸಮೇತ ಒಂದೆರಡು ದಿನ ಹುಳಿ ಬರಿಸಿ, ತೊಳೆದು, ನೆರಳಲ್ಲಿ ಒಣಗಿಸಿ. ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ.

ಮೊದಲೇ ಪರೀಕ್ಷೆ ಮಾಡಿ
ಹಳೇ ಬೀಜವಾದ್ರೆ 20 ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ. ಪ್ರಮಾಣೀಕೃತ ಟೊಮೆಟೊ ಬೀಜ ಕನಿಷ್ಠ ಶೇ 70 ಮೊಳೆಯಬೇಕು, ಅಂದ್ರೆ 20ಕ್ಕೆ 14.

ಹೊಸ ಬೀಜ ಕೊಂಡಾಗ ಬಿಲ್ ಮತ್ತು ಲಾಟ್ ನಂಬರ್ ಇರುವ ಪಾಕೆಟ್ ಎಸೆಯಬೇಡಿ, ಸ್ವಲ್ಪ ಬೀಜವನ್ನೂ ಉಳಿಸಿಕೊಳ್ಳಿ. ಬೀಜ ಕೈಕೊಟ್ಟರೆ ತೋಟಗಾರಿಕೆ ಇಲಾಖೆಗೆ ಅಥವಾ ಗ್ರಾಹಕರ ಆಯೋಗಕ್ಕೆ ಹೋಗುವಾಗ ಇವೇ ಸಾಕ್ಷಿ.