ಹಡಗಿನ ತಾಮ್ರವೂ ದೋಣಿಯ ಸತುವೂ

ಕರಾವಳಿಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ ಹಳೆಯ ವಿದ್ಯಾರ್ಥಿಗಳ ಭೇಟಿಯೇ ಈಗಿನ ಸಂಪಾದನೆ. ಕೆಲವು ವರ್ಷಗಳ ಹಿಂದೆ ದುಬೈಯಿಂದ ರಜೆಯಲ್ಲಿ ಬಂದಿದ್ದ ಶಿಷ್ಯನೊಬ್ಬ ಮನೆಗೆ ಬಂದ. ಅಲ್ಲಿ ಶ್ರೀಮಂತರ ವಿಹಾರದ ದೋಣಿಗಳನ್ನು ದುರಸ್ತಿ ಮಾಡುವ ಕಡೆ ಆತ ಮೆಕ್ಯಾನಿಕ್. ಚಹಾ ಕುಡಿದಾದ ಮೇಲೆ ಚೀಲದಿಂದ ಒಂದು ಲೋಹದ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಇಲಿ ಕಡಿದ ಬೆಲ್ಲದಚ್ಚಿನಂತೆ ಅದು ಅಲ್ಲಲ್ಲಿ ತಿಂದುಹೋಗಿತ್ತು.

"ಇದು ಎಂತ ಹೇಳಿ ನೋಡುವಾ ಸರ್?" ಎಂದ. ನನಗೆ ತಿಳಿಯಲಿಲ್ಲ. "ಸತು ಸರ್. ನೀವೇ ಪಾಠ ಮಾಡಿದ್ದು" ಎಂದು ನಕ್ಕ.

ಅನಂತರ ತನ್ನ ಕಥೆ ಹೇಳಿದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದೋಣಿಯ ಸ್ಟರ್ನ್‌ಡ್ರೈವ್‌ಗೆ ಬಣ್ಣ ಬಳಿಯುವ ಕೆಲಸ ಅವನ ಪಾಲಿಗೆ ಬಂತು. ಎಂಜಿನ್ನು ದೋಣಿಯ ಒಳಗೆ ಹಿಂಬದಿಯಲ್ಲಿದ್ದು, ಅದರ ಶಕ್ತಿಯನ್ನು ಪ್ರೊಪೆಲ್ಲರಿಗೆ ಒಯ್ಯುವ ಕಾಲಿನಂತಹ ಭಾಗ ಹೊರಗೆ ನೀರಿಗೆ ಇಳಿದಿರುತ್ತದೆ, ಇದೇ ಸ್ಟರ್ನ್‌ಡ್ರೈವ್. ಆ ಕಾಲು ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಪ್ರೊಪೆಲ್ಲರು ಸ್ಟೇನ್‌ಲೆಸ್ ಸ್ಟೀಲಿನದು. ಕಾಲಿಗೆ ಬೋಲ್ಟು ಹಾಕಿ ಬಿಗಿದಿದ್ದ ಸತುವಿನ ಬಿಲ್ಲೆಗಳು ಅಂದಗೆಟ್ಟು ಕಂಡದ್ದರಿಂದ ಇವನು ಅವುಗಳಿಗೂ ಸೇರಿಸಿ ಬಣ್ಣ ಬಳಿದ. ಕೆಲವೇ ತಿಂಗಳಲ್ಲಿ ಅಲ್ಯೂಮಿನಿಯಮ್ಮಿನ ಕಾಲಿನಲ್ಲಿ ಗುಳಿಗಳೆದ್ದವು. ಎರಡು ತಿಂಗಳ ಸಂಬಳ ಹೋಯಿತು. ಊರಿಗೆ ಹಿಂದಿರುಗುವುದೊಂದೇ ಬಾಕಿಯಿತ್ತು.

ನಗುತ್ತಲೇ ಹೇಳಿದನಾದರೂ ನನಗೆ ನಗು ಬರಲಿಲ್ಲ. ಆ ಪಾಠವನ್ನು ನಾನು ಹೇಗೆ ಮಾಡಿದ್ದೆನೆಂಬುದು ನನಗೆ ಚೆನ್ನಾಗಿ ನೆನಪಿತ್ತು: ಎರಡು ಅಂಕದ ಪ್ರಶ್ನೆ ಎಂದು ಹೇಳಿ, ವ್ಯಾಖ್ಯೆಯನ್ನು ಬರೆಸಿ, ಗಂಟೆ ಬಾರಿಸುವ ಮುನ್ನ ಮುಗಿಸಿದ್ದೆ. ಅಂದು ಹೇಳಬೇಕಾಗಿದ್ದ ಕಥೆಯನ್ನು ಇಂದು ಇಲ್ಲಿ ಹೇಳುತ್ತಿದ್ದೇನೆ.

ಹದಿನೆಂಟನೆಯ ಶತಮಾನದ ಹಡಗುಗಳು ಮರದವು. ಮರ ಕೊರೆಯುವ ಹುಳುಗಳೂ ತಳಕ್ಕೆ ಅಂಟುವ ಪಾಚಿ, ಚಿಪ್ಪುಜೀವಿಗಳೂ ಅವುಗಳ ಶತ್ರುಗಳು. ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ವೆಸ್ಟ್ ಇಂಡೀಸ್‌ಗೆ ಕಳುಹಿಸಿತು. ಹುಳುಗಳ ಕಾಟವೇನೋ ತಪ್ಪಿತು. ಆದರೆ 1763ರಲ್ಲಿ ಪರೀಕ್ಷಿಸಿದಾಗ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತಂತಾಗಿದ್ದವು. ವಿಚಿತ್ರವೆಂದರೆ, ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದಿತ್ತೋ ಅಲ್ಲೆಲ್ಲ ಮೊಳೆಗಳು ಗಟ್ಟಿಯಾಗಿಯೇ ಇದ್ದವು. ಕಬ್ಬಿಣವೂ ತಾಮ್ರವೂ ಸಮುದ್ರದ ನೀರಿನಲ್ಲಿ ಒಂದನ್ನೊಂದು ಮುಟ್ಟಕೂಡದೆಂದು ತಿಳಿಯಿತು. ಕಾರಣ ತಿಳಿಯಲಿಲ್ಲ. ಗ್ಯಾಲ್ವಾನಿಯ ಕಪ್ಪೆಯ ಕಾಲಿನ ಪ್ರಯೋಗಗಳು ಪ್ರಕಟವಾದದ್ದು 1791ರಲ್ಲಿ, ವೋಲ್ಟಾ ತನ್ನ ವಿದ್ಯುತ್ಕೋಶವನ್ನು ಜಗತ್ತಿಗೆ ಸಾರಿದ್ದು 1800ರಲ್ಲಿ.

ಕಾರಣವಿಷ್ಟೆ: ಭಿನ್ನವಾದ ಎರಡು ಲೋಹಗಳು ಪರಸ್ಪರ ಮುಟ್ಟಿಕೊಂಡು ಉಪ್ಪುನೀರಿನಲ್ಲಿದ್ದರೆ ಅದೇ ಒಂದು ವಿದ್ಯುತ್ಕೋಶ. ಹೆಚ್ಚು ಕ್ರಿಯಾಶೀಲವಾದ ಲೋಹ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಕರಗುತ್ತದೆ, ಮತ್ತೊಂದು ಉಳಿಯುತ್ತದೆ. ಕಬ್ಬಿಣ ತಾಮ್ರಗಳಲ್ಲಿ ಸಾಯುವುದು ಕಬ್ಬಿಣ. ಅಲ್ಯೂಮಿನಿಯಮ್ ಮತ್ತು ಸ್ಟೇನ್‌ಲೆಸ್ ಸ್ಟೀಲುಗಳಲ್ಲಿ ಸಾಯುವುದು ಅಲ್ಯೂಮಿನಿಯಮ್.

ಈ ಶಾಪವನ್ನೇ ವರವಾಗಿಸಿದವನು ಹಂಫ್ರಿ ಡೇವಿ. ನೌಕಾಪಡೆಯ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ತಾನೂ ಸವೆಯುತ್ತಿತ್ತು. ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಆತ 1824ರ ಜನವರಿಯಲ್ಲಿ ತನ್ನ ಉಪಾಯವನ್ನು ಮಂಡಿಸಿದ. ತಾಮ್ರಕ್ಕಿಂತ ಕ್ರಿಯಾಶೀಲವಾದ ಲೋಹವನ್ನು ಅಂಟಿಸಿದರೆ ಅದು ಸವೆದು ತಾಮ್ರ ಉಳಿಯುತ್ತದೆ. ಬಟಾಣಿ ಕಾಳಿನಷ್ಟು ಸತು ನಲವತ್ತು ಐವತ್ತು ಚದರ ಅಂಗುಲ ತಾಮ್ರವನ್ನು ಕಾಯಬಲ್ಲುದೆಂದು ಆತ ಕಂಡುಕೊಂಡಿದ್ದ. ಹಡಗುಗಳ ಮೇಲೂ ಪ್ರಯೋಗ ನಡೆಯಿತು. ಅವುಗಳಲ್ಲೊಂದಾದ 'ಸಮರಂಗ್' ನಮ್ಮ ನೆರೆಯ ಕೊಚ್ಚಿಯಲ್ಲೇ ಕಟ್ಟಿದ ಹಡಗು! ಎರಕದ ಕಬ್ಬಿಣದ ರಕ್ಷಕಗಳನ್ನು ಹೊತ್ತು ನೋವಾ ಸ್ಕೋಷಿಯಾಕ್ಕೆ ಹೋಗಿ 1825ರಲ್ಲಿ ಹಿಂದಿರುಗಿದಾಗ ಅದರ ತಾಮ್ರ ಸುರಕ್ಷಿತವಾಗಿತ್ತು.

ಆದರೂ ಡೇವಿ ಸೋತ. ತಾಮ್ರ ಅಷ್ಟಿಷ್ಟು ಕರಗುತ್ತಿದ್ದುದರಿಂದಲೇ ಅದರ ವಿಷಕ್ಕೆ ಹೆದರಿ ಪಾಚಿ, ಚಿಪ್ಪುಜೀವಿಗಳು ದೂರವಿರುತ್ತಿದ್ದವು. ಕರಗುವುದು ನಿಂತೊಡನೆ ಅವು ತಳವನ್ನು ಮುತ್ತಿ ಹಡಗಿನ ವೇಗವನ್ನು ಕುಗ್ಗಿಸಿದವು. 1825ರಲ್ಲೇ, ಕಡಲಿಗಿಳಿದ ಹಡಗುಗಳಿಂದ ರಕ್ಷಕಗಳನ್ನು ಕಿತ್ತುಹಾಕಲು ಆಜ್ಞೆಯಾಯಿತು. ತತ್ತ್ವ ಸರಿಯಿದ್ದೂ ಮುಖಭಂಗ ಅನುಭವಿಸಿದ ಡೇವಿ 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡ. ಆಗ ಅವನಿಗೆ ಐವತ್ತು ವರ್ಷ.

ತತ್ತ್ವ ಮಾತ್ರ ಸಾಯಲಿಲ್ಲ. ಕಬ್ಬಿಣದ ಹಡಗುಗಳು ಬಂದಾಗ ಅದು ಮರಳಿ ಬಳಕೆಗೆ ಬಂತು. 1959ರಲ್ಲಿ ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪೆನಿ 'ಅಕ್ವಾಮ್ಯಾಟಿಕ್' ಎಂಬ ಸ್ಟರ್ನ್‌ಡ್ರೈವನ್ನು ಮಾರುಕಟ್ಟೆಗೆ ತಂದು ಆ ಬಗೆಯ ಯಂತ್ರಗಳನ್ನು ಜನಪ್ರಿಯಗೊಳಿಸಿದ ಮೇಲೆ ಸಣ್ಣ ದೋಣಿಗಳಿಗೂ ಡೇವಿಯ ಉಪಾಯವೇ ಗತಿಯಾಯಿತು.

ಉಳಿದುದನ್ನು ಶಿಷ್ಯನೇ ನನಗೆ ಪಾಠ ಮಾಡಿದ. ಸಮುದ್ರದ ನೀರಿನಲ್ಲಿ ಸತು ಅಥವಾ ಅದಕ್ಕಾಗಿಯೇ ತಯಾರಿಸಿದ ಅಲ್ಯೂಮಿನಿಯಮ್ ಮಿಶ್ರಲೋಹದ ಬಿಲ್ಲೆ. ಅಳಿವೆಯ ಸವಳುನೀರಿನಲ್ಲಿ ಆ ಮಿಶ್ರಲೋಹವೇ ಮೇಲು. ನದಿ, ಕೆರೆಗಳ ಸಿಹಿನೀರಿನಲ್ಲಿ ಸತುವಿನ ಮೈಮೇಲೆ ಪೊರೆ ಕಟ್ಟಿ ಅದು ನಿಷ್ಕ್ರಿಯವಾಗುವುದರಿಂದ ಅಲ್ಲಿಗೆ ಮೆಗ್ನೀಸಿಯಮ್. ಆದರೆ ಅದೇ ಮೆಗ್ನೀಸಿಯಮ್ಮನ್ನು ಉಪ್ಪುನೀರಿಗೆ ಇಳಿಸಿದರೆ ಬೇಗನೆ ಕರಗುವುದಲ್ಲದೆ, ರಕ್ಷಣೆ ಅತಿಯಾಗಿ ಕಾಲಿನ ಬಣ್ಣವೇ ಗುಳ್ಳೆಯೆದ್ದು ಕಿತ್ತುಬರುತ್ತದೆ. ಬಿಲ್ಲೆಗೂ ಕಾಲಿಗೂ ಲೋಹ-ಲೋಹದ ಸ್ಪರ್ಶವಿರಬೇಕು, ಬಿಲ್ಲೆಗೆ ಬಣ್ಣ ತಾಗಕೂಡದು, ಅರ್ಧ ಸವೆದೊಡನೆ ಬದಲಿಸಬೇಕು. ದಡದ ವಿದ್ಯುತ್ತನ್ನು ದೋಣಿಗೆ ಜೋಡಿಸಿದರೆ ಅರ್ತಿಂಗ್ ತಂತಿಯ ಮೂಲಕ ಪಕ್ಕದ ದೋಣಿಗಳ ಲೋಹಗಳೊಂದಿಗೂ ಸಂಬಂಧ ಬೆಳೆದು ನಮ್ಮ ಬಿಲ್ಲೆ ನೆರೆಯವರಿಗಾಗಿ ಸವೆಯತೊಡಗುತ್ತದೆ. ಅದನ್ನು ತಡೆಯಲು ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಸಾಧನವಿದೆ.

"ಪಾಚಿ ಹಿಡಿಯದ ಹಾಗೆ ತಳಕ್ಕೆ ತಾಮ್ರದ ಪೇಂಟ್ ಹೊಡೆಯುತ್ತಾರೆ ಸರ್. ಆದರೆ ಅಲ್ಯೂಮಿನಿಯಮ್ ಕಾಲಿಗೆ ಅದನ್ನು ಮುಟ್ಟಿಸಲಿಕ್ಕೇ ಇಲ್ಲ" ಎಂದ. ನಾನು ಬೆರಗಾದೆ. 'ಅಲಾರ್ಮ್' ನೌಕೆಯ ಪಾಠವೂ ಡೇವಿಯ ಪಾಠವೂ ಆ ಒಂದು ಮಾತಿನಲ್ಲಿ ಕೂಡಿದ್ದವು. ಡೇವಿಯ ಹೆಸರನ್ನು ಅವನು ಕೇಳಿರಲಿಲ್ಲ. ನಾನು ಹೇಳಿಯೇ ಇರಲಿಲ್ಲವಲ್ಲ!

ಪ್ರಕೃತಿಯಲ್ಲಿ ಬಿಟ್ಟಿ ರಕ್ಷಣೆಯೆಂಬುದಿಲ್ಲ. ಒಂದು ಉಳಿಯಬೇಕಾದರೆ ಮತ್ತೊಂದು ಸವೆಯಬೇಕು. ಯಾವುದು ಸವೆಯಬೇಕೆಂದು ಆರಿಸುವ ಅವಕಾಶವಷ್ಟೇ ನಮ್ಮದು. ಸವೆದ ಬಿಲ್ಲೆ ಕೆಲಸ ಮಾಡಿದ ಬಿಲ್ಲೆ. ಹೊಸದರಂತೆಯೇ ಉಳಿದ ಬಿಲ್ಲೆಯನ್ನು ಕಂಡಾಗಲೇ ಅನುಮಾನಪಡಬೇಕು.

ಆ ತುಂಡನ್ನು ಶಿಷ್ಯ ನನ್ನ ಬಳಿಯೇ ಬಿಟ್ಟುಹೋದ. ಅದೀಗ ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಹಿಡಿದುಕೊಂಡಿದೆ. ನೆರೆಮನೆಯ ಮಕ್ಕಳು ಪಾಠ ಕೇಳಲು ಬಂದಾಗ ವ್ಯಾಖ್ಯೆ ಬರೆಸುವ ಮೊದಲು ಅದನ್ನು ಅವರ ಕೈಗೆ ಕೊಡುತ್ತೇನೆ.